ಅಜ್ಜಾರ ಎಂಜಿ ಟಿಸಿ: ಬಣ್ಣಕ್ಕಿಂತ ಮೊದಲು ನಂಬರ್ ನೋಡಿ

ಪ್ರಶ್ನೆ: ಧಾರವಾಡದ ಮಾಳಮಡ್ಡಿಯೊಳಗ ನಮ್ಮ ಹಳೇ ಮನಿ ಹಿಂದಿನ ಶೆಡ್ಡಿನ್ಯಾಗ ಅಜ್ಜಾರ ಎಂಜಿ ಟಿಸಿ ಅದ, ಇಂಗ್ಲೆಂಡಿನ ಹಳೇ ಸ್ಪೋರ್ಟ್ಸ್ ಕಾರು. ಆರ್‌ಸಿ ಪ್ರಕಾರ 1948ರ ಗಾಡಿ, ಮುಂಬೈದಾಗ ತಗೊಂಡದ್ದು. 1970ರ ಸುಮಾರಿಗೆ ಅಪ್ಪಾರು ಅದರ ಎಂಜಿನ್ ಇಳಿಸಿ ಫಿಯೆಟ್ 1100ರ ಎಂಜಿನ್ ಕೂಡಿಸ್ಯಾರ. ಹಳೇದು ಗೋಣಿಚೀಲ ಸುತ್ತಿಕೊಂಡು ಮೂಲ್ಯಾಗ ಕೂತದ. ಗಾಡಿ ಕದದ ಹತ್ತಿರ ಬಾಡಿಯೊಳಗ ಒಂದಿಷ್ಟು ಸಾಗವಾನಿ ಕಟ್ಟಿಗಿ ಹಾಕ್ಯಾರ. ಬಣ್ಣ ಈಗ ಹಸರು, ಮೊದಲು ಕರಿ ಇತ್ತಂತ ಅವ್ವ ಹೇಳ್ತಾಳ. ಹದಿನೈದು ವರ್ಷ ಆತು, ಚಾಲೂ ಮಾಡಿಲ್ಲ. ಬೆಂಗಳೂರಿನವರೊಬ್ಬರು ‘ಪೂರ್ತಿ ಬಿಚ್ಚಿ ಹೊಸಾದು ಮಾಡಿಕೊಡ್ತೀನಿ’ ಅಂತಾರ. ಮುಂಬೈಯವರೊಬ್ಬರು ‘ಏನೂ ಮುಟ್ಟಬ್ಯಾಡ್ರಿ, ಇದ್ದಂಗ ಕೊಡ್ರಿ’ ಅಂತಾರ. ಇದಕ್ಕ ಇನ್ನೂ ಅಸಲಿ ಗಾಡಿ ಅನಬಹುದೇನು? ನಾವೇನು ಮಾಡೋದು?

ಉತ್ತರ: ಇಬ್ಬರಿಗೂ ಎರಡು ತಿಂಗಳು ತಡೆಯಲು ಹೇಳಿ. ಪೂರ್ತಿ ಬಿಚ್ಚಿದ ಮೇಲೆ ಗಾಡಿಯಲ್ಲಿ ಏನೇನು ಅಸಲಿ ಇತ್ತು ಎಂದು ಯಾರೂ ಹೇಳಲಾರರು. ಹಾಗಂತ ಏನೂ ನೋಡದೆ ಕೊಟ್ಟರೆ, ನಿಮ್ಮ ಕೈಲಿ ಏನಿತ್ತು ಅನ್ನುವುದು ಕೊಂಡವರಿಗೆ ಮಾತ್ರ ಗೊತ್ತಾಗುತ್ತದೆ. ನೀವು ಬರೆದದ್ದರಲ್ಲಿ ನಿಜವಾದ ಸಂಪತ್ತು ಮೂಲೆಯಲ್ಲಿ ಗೋಣಿಚೀಲ ಸುತ್ತಿಕೊಂಡು ಕೂತಿದೆ. ಬಣ್ಣದ ಮಾತು ಆಮೇಲೆ.

ಮೊದಲು ಆ ಗಾಡಿಯ ಜಾತಕ. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1945ರಿಂದ 1949ರವರೆಗೆ ಸುಮಾರು 10,000 ಟಿಸಿಗಳು ತಯಾರಾದವು. ಅಮೆರಿಕಕ್ಕೆ ಹೋದವೂ ಸೇರಿ ಎಲ್ಲವೂ ಬಲಗಡೆ ಸ್ಟಿಯರಿಂಗಿನವೇ. ಚಾಸಿ ನಂಬರ್ ಶುರುವಾಗುವುದು ಒಂದರಿಂದಲ್ಲ, 0251ರಿಂದ. ಅದು ಕಾರ್ಖಾನೆಯ ಟೆಲಿಫೋನ್ ನಂಬರ್ ಆಗಿತ್ತು. ಕೊನೆಯ ಗಾಡಿ 10251. ಈ ಎರಡರ ನಡುವೆ ಬೀಳದ ನಂಬರನ್ನು ಯಾರಾದರೂ ಟಿಸಿ ಎಂದು ತೋರಿಸಿದರೆ ಅಲ್ಲಿಗೇ ಮಾತು ಮುಗಿಸಬಹುದು. ಎಂಜಿನ್ ಎಕ್ಸ್‌ಪಿಎಜಿ ಜಾತಿಯದು: 1250 ಸಿಸಿ, ನಾಲ್ಕು ಸಿಲಿಂಡರ್, ಬೋರ್ 66.5 ಮಿಮೀ, ಸ್ಟ್ರೋಕ್ 90 ಮಿಮೀ, ಎರಡು ಎಸ್‌ಯು ಕಾರ್ಬುರೇಟರ್, 54 ಅಶ್ವಶಕ್ತಿ.

ಚಾಸಿ ನಂಬರನ್ನು ಎರಡು ಕಡೆ ಹುಡುಕಿ. ಬಾನೆಟ್ ಒಳಗೆ ಬಲ್ಕ್‌ಹೆಡ್ಡಿನ (ಎಂಜಿನ್ ಮತ್ತು ಸೀಟಿನ ನಡುವಿನ ಅಡ್ಡಗೋಡೆಯ) ಡಬ್ಬಿಯ ಮೇಲೆ ಹಿತ್ತಾಳೆಯ ಗ್ಯಾರಂಟಿ ಪ್ಲೇಟ್ ಇರುತ್ತದೆ. ಅದು ಸ್ಕ್ರೂ ತಿರುಗಿಸಿದರೆ ಬಿಚ್ಚಿಬರುವ ವಸ್ತು. ಹೊಸದಾಗಿ ಮಾಡಿದ್ದೂ ಪೇಟೆಯಲ್ಲಿ ಸಿಗುವುದರಿಂದ ಅದೊಂದನ್ನೇ ಪುರಾವೆ ಎಂದು ನಂಬಬೇಡಿ. ನಿಜವಾದ ಸಾಕ್ಷಿ ಚಾಸಿಯ ಎಡಗಡೆ ಮುಂದಿನ ತುದಿಯಲ್ಲಿ, ಸ್ಪ್ರಿಂಗ್ ಕೂರುವ ಕೊಂಬಿನ ಹತ್ತಿರ, ಕಬ್ಬಿಣದಲ್ಲೇ ಪಂಚ್ ಹೊಡೆದ ಅಂಕಿ. ಎಪ್ಪತ್ತು ವರ್ಷದ ಬಣ್ಣ, ಗ್ರೀಸ್, ಎರಿಮಣ್ಣು ಅದರ ಮೇಲೆ ಒಂದು ಪದರ ಕಟ್ಟಿರುತ್ತದೆ. ಗ್ರೈಂಡರ್ ಬೇಡ, ಡ್ರಿಲ್ಲಿಗೆ ಹಾಕುವ ವೈರ್ ಬ್ರಶ್ಶೂ ಬೇಡ. ಒಂದು ಸೆಕೆಂಡ್ ಕೈ ಜಾರಿದರೆ ಅಂಕಿಯ ಅಂಚು ಹೋಗುತ್ತದೆ. ಅಂಚು ಹೋದ ನಂಬರನ್ನು ಆರ್‌ಟಿಓ ಇನ್ಸ್‌ಪೆಕ್ಟರ್ ‘ತಿದ್ದಿದ್ದು’ ಎಂದು ಬರೆಯಲು ಕಾರಣ ಸಿಗುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಒಂದು ರಾತ್ರಿ ಅಲ್ಲಿ ಕಟ್ಟಿಡಿ. ಬೆಳಿಗ್ಗೆ ಹಿತ್ತಾಳೆ ಬ್ರಶ್ಶಿನಿಂದ ಮೆಲ್ಲಗೆ ಉಜ್ಜಿ ಒರೆಸಿ, ಶಾಲೆಯ ಸುಣ್ಣದ ಬಳಪ ತಿಕ್ಕಿ. ತಗ್ಗಿನಲ್ಲಿ ಬಿಳಿ ಕೂತು ಅಂಕಿ ಎದ್ದು ಕಾಣುತ್ತದೆ. ತೆಳು ಕಾಗದ ಇಟ್ಟು ಪೆನ್ಸಿಲ್ಲಿನಿಂದ ಅಚ್ಚು ತೆಗೆದುಕೊಳ್ಳಿ. ಎಷ್ಟೇ ಮಸುಕಾಗಿದ್ದರೂ ಮತ್ತೆ ಪಂಚ್ ಹೊಡೆಸಬೇಡಿ.

ಎಂಜಿನ್ ನಂಬರ್ ಎಂಟು ಮೂಲೆಯ ಸಣ್ಣ ಹಿತ್ತಾಳೆ ಬಿಲ್ಲೆಯ ಮೇಲಿರುತ್ತದೆ. ಬ್ಲಾಕಿನ ಎಡಗಡೆ, ಹಿಂದೆ ಫ್ಲೈವ್ಹೀಲಿನ ಕಡೆ ನೋಡಿ. ಗೋಣಿಚೀಲ ಬಿಚ್ಚಿದ ಕೂಡಲೇ ಮೊದಲ ಕಣ್ಣು ಅಲ್ಲಿಗೇ ಹೋಗಬೇಕು. ಅದು ಆರ್‌ಸಿಯಲ್ಲಿ ಬರೆದದ್ದಕ್ಕೆ ತಾಳೆಯಾದರೆ ನಿಮ್ಮ ಪ್ರಶ್ನೆಯ ಅರ್ಧಕ್ಕೆ ಉತ್ತರ ಸಿಕ್ಕಿತು: ಗಾಡಿಯ ಹೃದಯ ಮನೆಯಲ್ಲೇ ಇದೆ. ಬಿಲ್ಲೆ ಬಿದ್ದುಹೋಗಿದ್ದರೆ ಶೆಡ್ಡಿನ ನೆಲ, ಚೀಲದ ಒಳಗೆ, ಹಳೆಯ ಸ್ಕ್ರೂ ಡಬ್ಬಿ ಎಲ್ಲವನ್ನೂ ಜರಡಿ ಹಿಡಿದು ನೋಡಿ.

ಕಾಗದದ ಕೆಲಸ ಬೇಸರದ್ದು, ಆದರೆ ಶೆಡ್ಡಿನಷ್ಟೇ ಮುಖ್ಯ. 1956ರ ನವೆಂಬರ್ 1ರ ತನಕ ಧಾರವಾಡ ಮುಂಬೈ ರಾಜ್ಯದಲ್ಲಿತ್ತು. ಹಾಗಾಗಿ ಗಾಡಿಯ ಮೊದಲ ನೋಂದಣಿ ಮುಂಬೈ ಅಕ್ಷರಗಳಲ್ಲಿ, ಆಮೇಲಿನದು ಮೈಸೂರು ರಾಜ್ಯದ ಅಕ್ಷರಗಳಲ್ಲಿ ಇರಬಹುದು. ನಂಬರ್ ಬದಲಾದಾಗಿನ ಷರಾ ಹಳೆಯ ಆರ್‌ಸಿ ಪುಸ್ತಕದ ಒಳಪುಟದಲ್ಲಿರುತ್ತದೆ. ಆ ಪುಸ್ತಕವನ್ನು ಲ್ಯಾಮಿನೇಶನ್ ಮಾಡಿಸಬೇಡಿ. ಬಿಸಿಗೆ ಶಾಯಿ ಹರಡುತ್ತದೆ, ಆಮೇಲೆ ಬಿಚ್ಚಲೂ ಬರುವುದಿಲ್ಲ. ಗದಗ, ಹಾವೇರಿಯಲ್ಲಿ ಇಂಥ ಗಾಡಿ ಇಟ್ಟುಕೊಂಡವರಿಗೂ ಒಂದು ಮಾತು: ಆ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಕಡತವನ್ನು ಹುಡುಕಬೇಕಾದದ್ದು ಧಾರವಾಡದ ದಾಖಲೆಗಳಲ್ಲಿ. ಟ್ಯಾಕ್ಸ್ ಚೀಟಿ, ಇನ್ಶೂರನ್ಸ್ ಪಾಲಿಸಿ, ಗ್ಯಾರೇಜಿನ ಬಿಲ್ಲು, ಮದುವೆಯ ಆಲ್ಬಮ್ಮಿನಲ್ಲಿ ಗಾಡಿ ಕಾಣುವ ಒಂದೇ ಒಂದು ಫೋಟೋ ಸಿಕ್ಕರೂ ಎತ್ತಿಡಿ. ಫೋಟೋದಲ್ಲಿ ನಂಬರ್ ಪ್ಲೇಟ್, ಹೆಡ್‌ಲೈಟ್, ಗಾಲಿ ಕಂಡರೆ ಅದು ಹತ್ತು ಜನರ ಮಾತಿಗೆ ಸಮ. ಎಂಜಿ ಕಾರ್ ಕ್ಲಬ್ಬಿನಲ್ಲಿ ಟಿ ಮಾದರಿಗಳಿಗೇ ಮೀಸಲಾದ ಟಿ ರಿಜಿಸ್ಟರ್ ಇದೆ. ಚಾಸಿ ನಂಬರ್ ಕೊಟ್ಟು ವಿಚಾರಿಸಿ, ಆದರೆ ಆ ನಂಬರಿನ ಫೋಟೋವನ್ನು ಫೇಸ್‌ಬುಕ್ಕಿಗೆ ಹಾಕಬೇಡಿ. ಅದನ್ನು ಇನ್ನೊಂದು ಗಾಡಿಗೆ ಹೊಡೆದುಕೊಳ್ಳುವವರಿಗೆ ನೀವೇ ಅಚ್ಚು ಕೊಟ್ಟಂತೆ.

ಆರ್‌ಸಿ ಇನ್ನೂ ಅಜ್ಜ ಅಥವಾ ಅಪ್ಪಾರ ಹೆಸರಿನಲ್ಲಿದ್ದರೆ, ಮತ್ತು ಅವರು ತೀರಿಕೊಂಡಿದ್ದರೆ, ವಾರಸುದಾರರ ಹೆಸರಿಗೆ ಮಾಡಿಸಲು ಫಾರ್ಮ್ 31. ಅದಾದ ಮೇಲೆ ವಿಂಟೇಜ್ ನೋಂದಣಿ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ ಭಾಗದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಎರಡು ಅಥವಾ ನಾಲ್ಕು ಗಾಲಿಯ ಸ್ವಂತ ಬಳಕೆಯ ವಾಹನ ವಿಂಟೇಜ್. ಅರ್ಜಿ ಫಾರ್ಮ್ 20ರಲ್ಲಿ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000. ಅವಧಿ ಹತ್ತು ವರ್ಷ. ಹೊಸದಾಗಿ ಕೊಡುವ ನಂಬರಿನಲ್ಲಿ ಕೆಎ ಆದಮೇಲೆ ವಿಎ ಬರುತ್ತದೆ, ಆದರೆ ಈಗಾಗಲೇ ನೋಂದಣಿಯಾದ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ನೀವು ಉಳಿಸಿಕೊಳ್ಳಿ. ವಿಂಟೇಜ್ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ದುರಸ್ತಿ ಇಂಥದ್ದಕ್ಕೆ ಮಾತ್ರ. ಈ ನಿಯಮದಲ್ಲಿ ನಿಮಗೆ ತಾಗುವ ಮಾತು ಇನ್ನೊಂದಿದೆ. ಚಾಸಿ, ಬಾಡಿ ಅಥವಾ ಎಂಜಿನ್ನನ್ನು ದೊಡ್ಡ ಮಟ್ಟದಲ್ಲಿ ಬದಲಿಸಿರಬಾರದು. ಫಿಯೆಟ್ ಎಂಜಿನ್ ಇಟ್ಟುಕೊಂಡೇ ಹೋದರೆ ಇಲ್ಲೇ ಸಿಕ್ಕಿಬೀಳುತ್ತೀರಿ.

ಅಂದಮೇಲೆ ಎಕ್ಸ್‌ಪಿಎಜಿ ಗಾಡಿಯೊಳಗೆ ಮರಳಬೇಕು. ಅದಕ್ಕೂ ಮುನ್ನ ಫಿಯೆಟ್ ಕೂಡಿಸುವಾಗ ಏನೇನು ಕೊಯ್ದಿದ್ದಾರೆ ನೋಡಿ. ಎಂಜಿನ್ ಬದಲಿಸಿದ್ದಕ್ಕಿಂತ ಅದಕ್ಕೆ ಜಾಗ ಮಾಡಿದ್ದೇ ಹೆಚ್ಚು ಹಾನಿ ಮಾಡಿರುತ್ತದೆ. ಗಾಡಿಯ ಕೆಳಗೆ ಮಲಗಿ ಚಾಸಿಯ ಅಡ್ಡ ಪೈಪುಗಳು, ಗೇರ್‌ಬಾಕ್ಸ್ ಕೂರುವ ಮೌಂಟಿಂಗ್, ಬಲ್ಕ್‌ಹೆಡ್, ಪೆಡಲ್ ಹತ್ತಿರದ ಹಲಗೆ ಇವನ್ನು ಟಾರ್ಚ್ ಹಿಡಿದು ನೋಡಿ. ಗ್ಯಾಸ್ ಕಟರಿನ ಗುರುತು ಅಲೆಅಲೆಯಾಗಿ ಕಾಣುತ್ತದೆ. ಬರೀ ಹೊಸ ಬ್ರಾಕೆಟ್ ಬೋಲ್ಟ್ ಮಾಡಿದ್ದರೆ ಅಪ್ಪಾರ ಮಿಸ್ತ್ರಿಗೆ ಒಂದು ನಮಸ್ಕಾರ ಹೇಳಿ. ಕೊಯ್ದಿದ್ದರೆ ಅದೇ ದಪ್ಪದ ತುಂಡು ಕೂಡಿಸಿ ವೆಲ್ಡ್ ಮಾಡಿಸಬಹುದು. ಆದರೆ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ಫೋಟೋ ಬೇಕು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಒಪ್ಪಿಕೊಂಡ ಟ್ಯೂರಿನ್ ಸನ್ನದು ಕೇಳುವುದೂ ಇದನ್ನೇ: ಮಾಡಿದ ಕೆಲಸದ ದಾಖಲೆ ಇರಲಿ, ಹೊಸ ಭಾಗ ಹೊಸದೆಂದು ಗುರುತು ಸಿಗಲಿ.

ಮೂಲೆಯ ಎಂಜಿನ್ನನ್ನು ಮೊದಲೇ ತಿರುಗಿಸಲು ಹೋಗಬೇಡಿ. ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೆ ಸುಮಾರು 30 ಮಿಲೀ ಆಟೋಮ್ಯಾಟಿಕ್ ಗೇರ್ ಎಣ್ಣೆ ಮತ್ತು ಅಸಿಟೋನ್ ಅರ್ಧರ್ಧ ಬೆರೆಸಿ ಹಾಕಿ. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ, ಬೀಡಿ ಸೇದುವವರನ್ನು ದೂರ ಕಳಿಸಿ. ಎರಡು ದಿನಕ್ಕೊಮ್ಮೆ ಸ್ವಲ್ಪ ಸೇರಿಸುತ್ತ ಎರಡು ವಾರ ಬಿಡಿ. ಆಮೇಲೆ ಫ್ಲೈವ್ಹೀಲಿನ ಹಲ್ಲಿಗೆ ಸಲಾಕೆ ಕೊಟ್ಟು ಹಿಂದೆ ಮುಂದೆ ಮೆಲ್ಲಗೆ ಅಲುಗಿಸಿ. ಅಲುಗದಿದ್ದರೆ ಹೆಡ್ ತೆಗೆಸಿ, ಸುತ್ತಿಗೆ ಮಾತ್ರ ಬೇಡ. ಹೇಗಿದ್ದರೂ ಸಂಪ್ (ಎಂಜಿನ್ನಿನ ಕೆಳಗಿನ ಎಣ್ಣೆ ತೊಟ್ಟಿ) ತೆಗೆದು ತಳದ ಕೆಸರು ಬಳಿಯಲೇಬೇಕು. ಈ ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಮುರಿದ ಉದಾಹರಣೆಗಳಿವೆ, ಆದ್ದರಿಂದ ಗ್ರೈಂಡ್ ಮಾಡಿಸುವ ಮುಂಚೆ ಬಿರುಕು ಪರೀಕ್ಷೆ ಆಗಲಿ. ಇಂಗ್ಲೆಂಡಿನಲ್ಲಿ ಚಳಿಗೆ ನೀರು ಹೆಪ್ಪುಗಟ್ಟಿ ಬ್ಲಾಕ್ ಸೀಳುವ ಭಯ. ನಮ್ಮ ಕಡೆ ಅದಿಲ್ಲ, ಬದಲಿಗೆ ಬೋರ್‌ವೆಲ್ ಸವಳು ನೀರಿನ ಸುಣ್ಣ. ರೇಡಿಯೇಟರಿಗೆ ವರ್ಷಗಟ್ಟಲೆ ಅದೇ ನೀರು ಹಾಕಿದ್ದರೆ ಬ್ಲಾಕಿನೊಳಗಿನ ನೀರಿನ ದಾರಿ ಹಳೆಯ ಚಹಾ ಕೆಟಲಿನಂತಾಗಿರುತ್ತದೆ. ಅಲ್ಯೂಮಿನಿಯಂ ಭಾಗಗಳನ್ನೆಲ್ಲ ತೆಗೆದಿಟ್ಟು, ಬಿಸಿ ನೀರಿನಲ್ಲಿ ಲೀಟರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಕರಗಿಸಿ ಬ್ಲಾಕಿನಲ್ಲಿ ತುಂಬಿ ಒಂದು ದಿನ ಇಡಿ. ತೊಳೆದು, ಅಡುಗೆ ಸೋಡಾ ನೀರು ಹಾಯಿಸಿ, ಮತ್ತೆ ತೊಳೆದು ಕೂಡಲೇ ಒಣಗಿಸಿ.

ಈಗ ಈ ಎಂಜಿನ್ನಿನ ದೊಡ್ಡ ಬಲೆ: ಬೋಲ್ಟ್. ಟಿಸಿ ಇಂಗ್ಲಿಷ್ ಗಾಡಿ, ಆದರೆ ಎಂಜಿನ್ನಿನ ಚೂಡಿ (ಥ್ರೆಡ್) ಮೆಟ್ರಿಕ್. ಕಾವೆಂಟ್ರಿಯಲ್ಲಿದ್ದ ಫ್ರೆಂಚ್ ಹಾಚ್‌ಕಿಸ್ ಕಂಪನಿಯ ಕಾರ್ಖಾನೆಯನ್ನು ಎಂಜಿಯ ಬೆನ್ನಿಗಿದ್ದ ಮಾರಿಸ್ ಕಂಪನಿ 1923ರಲ್ಲಿ ಕೊಂಡಾಗ ಅಲ್ಲಿನ ಮೆಟ್ರಿಕ್ ಯಂತ್ರಗಳೂ ಬಂದವು, ಮಾರಿಸ್ ಎಂಜಿನ್ನುಗಳ ಚೂಡಿ ಹಾಗೇ ಉಳಿಯಿತು. ಬೋಲ್ಟಿನ ತಲೆ ಮಾತ್ರ ಇಂಗ್ಲಿಷ್ ಮಿಸ್ತ್ರಿಯ ವಿಟ್ವರ್ತ್ (ಹಳೆಯ ಇಂಗ್ಲಿಷ್ ಅಳತೆಯ) ಪಾನಾಕ್ಕೆ, ಅಂದರೆ ಸ್ಪ್ಯಾನರಿಗೆ, ಹೊಂದುವಂಥದ್ದು. ಹೀಗಾಗಿ ಕಾಲಿಂಚಿನ ವಿಟ್ವರ್ತ್ ಪಾನಾ, ಅಂದರೆ 0.525 ಇಂಚು, 13.3 ಮಿಮೀ ಬಾಯಿಯದ್ದು ಬೇಕಾದಲ್ಲಿ 13ರ ಪಾನಾ ಹೊಗುವುದಿಲ್ಲ, 14ರದ್ದು ಜಾರಿ ಮೂಲೆ ತಿನ್ನುತ್ತದೆ. ಅದಕ್ಕಿಂತ ಕೆಟ್ಟದ್ದು ಚೂಡಿಯ ಮೋಸ. ಇಲ್ಲಿನ 8 ಮಿಮೀ ಬೋಲ್ಟಿನ ಪಿಚ್ (ಒಂದು ಚೂಡಿಯಿಂದ ಇನ್ನೊಂದಕ್ಕೆ ಇರುವ ಅಂತರ) 1.0 ಮಿಮೀ, ಹುಬ್ಬಳ್ಳಿಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ 8ರ ಬೋಲ್ಟ್ ಕೇಳಿದರೆ ಕೊಡುವುದು 1.25ರದ್ದು. ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಮೂರನೆಯದಕ್ಕೆ ಬಿಗಿ. ‘ತುಕ್ಕು ಹಿಡದದ’ ಎಂದು ಪಾನಾಕ್ಕೆ ಪೈಪ್ ಕೊಟ್ಟು ಎಳೆದರೆ ಬ್ಲಾಕಿನ ಚೂಡಿಯೇ ಕಿತ್ತುಬರುತ್ತದೆ. ಆದ್ದರಿಂದ ಬಿಚ್ಚಿದ ಪ್ರತಿ ಬೋಲ್ಟನ್ನು ರಟ್ಟಿನ ಮೇಲೆ ಎಂಜಿನ್ನಿನ ಚಿತ್ರ ಬರೆದು, ಅದರದೇ ಜಾಗದಲ್ಲಿ ಚುಚ್ಚಿಡಿ. ಪಿಚ್ ಗೇಜ್ ಕೊಳ್ಳಿ. ಕಳೆದ ಬೋಲ್ಟ್ ಬೇಕಾದರೆ ಗೋಕುಲ ರೋಡಿನ ಯಾವುದಾದರೂ ಒಳ್ಳೆಯ ಟರ್ನರ್ ಹತ್ತಿರ ಹಳೆಯದನ್ನೇ ಮಾದರಿಯಾಗಿ ಕೊಟ್ಟು ಲೇಥ್ ಮೇಲೆ ಮಾಡಿಸಿ. ತಲೆಯ ಅಳತೆಯೂ ಹಳೆಯದರದ್ದೇ ಇರಲಿ.

ಜೋಡಿಸಿದ ಮೇಲೆ ನೇರ ಸೆಲ್ಫ್ ಹೊಡೆಯಬೇಡಿ. ಈ ಎಂಜಿನ್ನಿನ ಎಣ್ಣೆ ಪಂಪ್ ಬ್ಲಾಕಿನ ಹೊರಗೆ ಪಕ್ಕದಲ್ಲಿದೆ, ಬಹಳ ದಿನ ನಿಂತರೆ ಒಣಗಿ ಎಣ್ಣೆ ಎಳೆಯುವುದನ್ನೇ ಬಿಡುತ್ತದೆ. ಮೊದಲು ಪಂಪಿನಲ್ಲೇ ಎಣ್ಣೆ ತುಂಬಿ. ಸಂಪಿಗೆ ಸುಮಾರು 5 ಲೀಟರ್ ಹಿಡಿಯುತ್ತದೆ. ಪ್ಲಗ್ ಇಲ್ಲದೆ ಮುಂದಿನ ಹ್ಯಾಂಡಲ್ ತಿರುಗಿಸುತ್ತ, ಗೇಜಿನ ಮುಳ್ಳು ಎದ್ದ ಮೇಲಷ್ಟೇ ಪ್ಲಗ್ ಹಾಕಿ. ಫೈರಿಂಗ್ ಆರ್ಡರ್ 1-3-4-2. ಟ್ಯಾಪೆಟ್ ಗ್ಯಾಪ್ 0.019 ಇಂಚು, ಎಂಜಿನ್ ಬಿಸಿ ಇದ್ದಾಗ. ಟಿಸಿ ನಂತರ ಬಂದ ಟಿಡಿ ಮಾದರಿಯ ಕೊನೆಕೊನೆಯ ಗಾಡಿಗಳ ಕ್ಯಾಮ್ ಹಾಕಿದ್ದರೆ 0.012. ಹಿಂದಿನ ಮೇನ್ ಬೇರಿಂಗಿನಲ್ಲಿ ರಬ್ಬರ್ ಸೀಲ್ ಇಲ್ಲ, ಎಣ್ಣೆಯನ್ನು ಎಂಜಿನ್ನಿನೊಳಕ್ಕೆ ಮರಳಿ ನೂಕುವ ಸುರುಳಿ ಗೆರೆ ಮಾತ್ರ. ಒಂದೆರಡು ಹನಿ ತೊಟ್ಟಿಕ್ಕಿದರೆ ಅದೂ ಅಸಲಿಯೇ ಎಂದುಕೊಳ್ಳಿ. ಬ್ಯಾಟರಿ ಕೂಡಿಸುವ ಮುನ್ನ ಒಂದು ಎಚ್ಚರ: ಟಿಸಿಯ 12 ವೋಲ್ಟ್ ವೈರಿಂಗಿನಲ್ಲಿ ಗಾಡಿಯ ಲೋಹಕ್ಕೆ (ಅರ್ಥ್) ಹೋಗುವುದು ಪಾಸಿಟಿವ್. ಫಿಯೆಟ್ ಹಾಕಿದಾಗ ಅದನ್ನು ತಿರುವಿರಬಹುದು, ತಂತಿ ನೋಡಿ ನಿರ್ಧರಿಸಿ. ನೂಲು ಸುತ್ತಿದ ಹಳೆಯ ವೈರ್ ಮುಟ್ಟಿದರೆ ಪುಡಿಯಾಗುವಂತಿದ್ದರೆ ಬದಲಿಸಿ. ಅಲ್ಲಿ ಅಸಲಿತನದ ಹಟ ಹಿಡಿದರೆ ಬೆಂಕಿ. ತೆಗೆದ ಕಟ್ಟನ್ನು ಚೀಟಿ ಕಟ್ಟಿ ಇಟ್ಟುಕೊಳ್ಳಿ.

ಕಟ್ಟಿಗೆಯ ವಿಷಯ. ಟಿಸಿ ಬಾಡಿಯ ಒಳಗಿರುವುದು ಇಂಗ್ಲಿಷ್ ಆ್ಯಶ್ ಮರದ ಚೌಕಟ್ಟು, ಮೇಲೆ ತಗಡು. ಅಂಚನ್ನು ಮರದ ಮೇಲೆ ಮಡಚಿ ಸಣ್ಣ ಮೊಳೆ ಹೊಡೆದಿರುತ್ತಾರೆ. ಧಾರವಾಡದ ಜೂನ್‌ನಿಂದ ಸೆಪ್ಟೆಂಬರ್ ತನಕದ ಥಂಡಿಗೆ, ತಾಡಪತ್ರಿ ಹೊದಿಸಿ ಇಟ್ಟ ಗಾಡಿ ಒಳಗೊಳಗೇ ಬೆವರುತ್ತದೆ. ಮರ ಮೆತ್ತಗಾದ ಮೇಲೆ ವರಲಿ ಹತ್ತುತ್ತದೆ. ಟಿಸಿಯ ಕದ ಹಿಂದಿನ ಕಂಬಕ್ಕೆ ತೂಗಿರುತ್ತದೆ. ಕದ ತೆರೆದು ಮುಂದಿನ ತುದಿಯನ್ನು ಕೈಯಿಂದ ಮೇಲಕ್ಕೆತ್ತಿ ನೋಡಿ. ಮೂರು ನಾಲ್ಕು ಮಿಮೀ ಎದ್ದರೆ, ಕೀಲಿನ ಪಿನ್ ಸವೆದಿದೆಯೋ ಅಥವಾ ಕೀಲಿನ ಜತೆ ಕಂಬವೇ ಅಲುಗುತ್ತಿದೆಯೋ ಬೆರಳಿಟ್ಟು ಗಮನಿಸಿ. ಕಂಬ ಅಲುಗಿದರೆ ಬುಡ ಕೊಳೆತಿದೆ. ದಬ್ಬಣ ಚುಚ್ಚಿ: ಗಟ್ಟಿ ಮರ ದಬ್ಬಣವನ್ನು ಹಿಡಿದುಕೊಳ್ಳುತ್ತದೆ, ಕೊಳೆತದ್ದು ಹಳೆಯ ರಸ್ಕಿನಂತೆ ಬಿಟ್ಟುಕೊಡುತ್ತದೆ.

ಅಪ್ಪಾರು ಹಾಕಿಸಿದ ಸಾಗವಾನಿಯನ್ನು ಕಿತ್ತು ಮತ್ತೆ ಆ್ಯಶ್ ಹಾಕಬೇಕೆಂದು ಬೆಂಗಳೂರಿನವರು ಹೇಳಿಯೇ ಹೇಳುತ್ತಾರೆ. ಗಟ್ಟಿ ಇದ್ದರೆ ಹಾಗೇ ಬಿಡಿ. ದಾಂಡೇಲಿ ಕಾಡು ಮಗ್ಗುಲಲ್ಲೇ ಇರುವ ಊರಿನಲ್ಲಿ ಐವತ್ತು ವರ್ಷದ ಹಿಂದೆ ಬಡಿಗೇರರು ಸಾಗವಾನಿ ಹಾಕಿದರೆಂಬುದು ಈ ಗಾಡಿಯ ನಿಜವಾದ ಚರಿತ್ರೆ, ಮತ್ತು ಅದನ್ನು ಕೀಳಬೇಕಾದರೆ ಸುತ್ತಲಿನ ಅಸಲಿ ತಗಡಿನ ಅಂಚು ಬಿಚ್ಚಬೇಕು. ಒಮ್ಮೆ ಮಡಚಿದ ಹಳೆಯ ತಗಡು ಬಿಚ್ಚಿ ಮತ್ತೆ ಮಡಚಿದರೆ ಸೀಳುತ್ತದೆ. ಕೊಳೆತ ಕಡೆ ಮಾತ್ರ ಕೊಯ್ದು, ಒಂದು ಇಂಚು ದಪ್ಪಕ್ಕೆ ಎಂಟು ಇಂಚು ಉದ್ದದ ಓರೆ ಕೂಡಿಕೆಯಲ್ಲಿ ಹೊಸ ತುಂಡು ಸೇರಿಸಿ. ಸಾಗವಾನಿಗೆ ಅಂಟು ಹಚ್ಚುವುದಾದರೆ ಆ ಕ್ಷಣಕ್ಕೆ ಅಸಿಟೋನಿನಿಂದ ಒರೆಸಿ. ಅದರ ಎಣ್ಣೆಯಂಶ ಅಂಟನ್ನು ಹಿಡಿಯಗೊಡುವುದಿಲ್ಲ.

ಬಣ್ಣ ಕರಿ ಇತ್ತೆಂಬ ಅವ್ವಾರ ಮಾತು ನಂಬುವಂಥದ್ದೇ, ಟಿಸಿಗೆ ಕಾರ್ಖಾನೆಯಿಂದಲೇ ಕರಿ ಬಣ್ಣ ಬರುತ್ತಿತ್ತು. ಪರೀಕ್ಷೆ ಮಾಡಲು ಹೊರಗೆ ಕೆರೆಯಬೇಡಿ. ಡ್ಯಾಶ್‌ಬೋರ್ಡಿನ ಕೆಳಗೆ, ಸೀಟಿನ ಹಿಂದೆ ಕಾಣದ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಕಡೆ ಸಾಬೂನು ನೀರಿನ ಜತೆ 600, ಆಮೇಲೆ 1000, ಕೊನೆಗೆ 1500 ನಂಬರಿನ ವಾಟರ್ ಪೇಪರಿನಿಂದ ಸುತ್ತುತ್ತ ತಿಕ್ಕಿ. ನಡುವೆ ತಗಡು ಮಿಂಚಿದ ಕೂಡಲೇ ನಿಲ್ಲಿಸಿ. ಉಳ್ಳಾಗಡ್ಡಿ ಕೊಯ್ದಂತೆ ಉಂಗುರ ಉಂಗುರ ಕಾಣುತ್ತದೆ: ತಗಡಿಗೆ ಹತ್ತಿದ್ದು ಪ್ರೈಮರ್, ಅದರ ಹೊರಗಿನ ಉಂಗುರ ಗಾಡಿಯ ಮೊದಲ ಬಣ್ಣ, ಕೊನೆಯದು ಹಸಿರು. ಫೋಟೋ ತೆಗೆದು ಮೇಣ ಸವರಿ ಬಿಡಿ. ಹಸಿರು ಗಟ್ಟಿಯಾಗಿ ಕೂತಿದ್ದರೆ ಈಗ ಪೇಂಟಿಂಗಿಗೆ ಒಂದು ರೂಪಾಯಿಯೂ ಬೇಡ.

ದುಡ್ಡು ಹಾಕಬೇಕಾದ್ದು ಬ್ರೇಕಿಗೆ. ಲಾಕ್‌ಹೀಡ್ ಹೈಡ್ರಾಲಿಕ್, ಒಂಬತ್ತು ಇಂಚಿನ ಡ್ರಮ್. ರಬ್ಬರು, ಹೋಸು ಎಲ್ಲ ಹೊಸದು ಹಾಕಿಸಿ. ಸಿಲಿಂಡರ್ ತುಕ್ಕು ತಿಂದಿದ್ದರೆ ಎಸೆಯದೆ ಒಳಗೆ ಹಿತ್ತಾಳೆ ಸ್ಲೀವ್ ಕೂಡಿಸಿ. ಟೈರ್ 4.50-19. ಬುಲೆಟ್ಟಿಗೂ 19 ಇಂಚೇ ಅಲ್ಲವೇ ಎಂದು ಅದನ್ನೇ ಏರಿಸುವ ಸಲಹೆ ಯಾರಾದರೂ ಕೊಡುತ್ತಾರೆ. ಶೆಡ್ಡಿನಿಂದ ಅಂಗಳಕ್ಕೆ ತಳ್ಳಲು ಸಾಕು, ರಸ್ತೆಗಲ್ಲ. ಬೈಕ್ ಟೈರ್ ತಿರುವಿನಲ್ಲಿ ವಾಲಲು ಮಾಡಿದ್ದು, ಕಾರಿನ ಪಕ್ಕದ ಒತ್ತಡ ತಡೆಯಲು ಅಲ್ಲ. ಗಾಲಿ ನಡುವಿನ ರೆಕ್ಕೆ ನಟ್ಟು ಎಡಗಡೆ ಮಾಮೂಲಿ ಚೂಡಿ, ಬಲಗಡೆ ಉಲ್ಟಾ ಚೂಡಿ. ತಾಮ್ರ ಅಥವಾ ಸೀಸದ ಸುತ್ತಿಗೆಯಿಂದ ಮಾತ್ರ ಹೊಡೆಯಿರಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರ ತನಕ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರ್, ಕಾರ್ಬುರೇಟರಿನ ಕಾರ್ಕ್, ಅದರ ಮೇಲಿನ ಶೆಲ್ಯಾಕ್ (ಅರಗಿನ ಲೇಪ) ಎಲ್ಲವನ್ನೂ ತಿನ್ನುತ್ತದೆ, ಮಳೆಗಾಲದಲ್ಲಿ ನೀರನ್ನೂ ಎಳೆದುಕೊಳ್ಳುತ್ತದೆ. ಹೋಸುಗಳು ಎಥನಾಲ್ ತಡೆಯುವ ವಿಟಾನ್ ರಬ್ಬರಿನವು ಇರಲಿ, ಮೇ ಕೊನೆಗೆ ಟ್ಯಾಂಕ್ ಬರಿದು ಮಾಡಿ.

ಇಷ್ಟಾದರೆ, ಚಾಸಿ ಮತ್ತು ಎಂಜಿನ್ ನಂಬರ್ ತಾಳೆಯಾಗಿದ್ದರೆ, ನಿಮ್ಮದು ಧಾರಾಳವಾಗಿ ಅಸಲಿ ಟಿಸಿ. ಹಸಿರು ಬಣ್ಣ, ಸಾಗವಾನಿ ಕಂಬ ಅದನ್ನು ತಪ್ಪಿಸುವುದಿಲ್ಲ. ಮಾರುವ ಮನಸ್ಸಿದ್ದರೂ ಮೊದಲು ಕಾಗದ, ನಂಬರ್, ಎಂಜಿನ್ ಈ ಮೂರನ್ನು ಒಂದು ಕಡೆ ತನ್ನಿ, ಆಮೇಲೆ ಮುಂಬೈಯವರ ಜತೆ ಕೂತು ಮಾತಾಡಿ. ‘ಗಾಡಿ ಕೊಡ್ರಿ, ಆ ಹಳೇ ಎಂಜಿನ್ ಗುಜರಿ, ಹಂಗs ಹಾಕಿಬಿಡ್ರಿ’ ಎಂದು ಅವರು ಹೇಳಿದ್ದರೆ, ಅವರಿಗೆ ಎಲ್ಲ ಗೊತ್ತಿದೆ ಎಂದೇ ಲೆಕ್ಕ. ಇಳಿಸಿದ ಫಿಯೆಟ್ ಎಂಜಿನ್ನನ್ನೂ ಅದರ ಬ್ರಾಕೆಟ್, ಅಡಾಪ್ಟರ್ ಪ್ಲೇಟ್ ಸಮೇತ ಎಣ್ಣೆ ಸವರಿ ಅದೇ ಗೋಣಿಚೀಲದಲ್ಲಿ ಸುತ್ತಿಡಿ. ಕಟ್ಟುವ ಮುನ್ನ ಅದರ ನಂಬರ್ ಬರೆದುಕೊಳ್ಳಿ, ಏಕೆಂದರೆ ಅಪ್ಪಾರು ಅದನ್ನು ಆರ್‌ಸಿಯಲ್ಲಿ ಷರಾ ಮಾಡಿಸಿದ್ದರೆ ಆ ಷರಾ ತೆಗೆಸಲು ಆರ್‌ಟಿಓದಲ್ಲಿ ಅದನ್ನೂ ಕೇಳುತ್ತಾರೆ.